ಬಂದೂಕಿಗೆ ಕುಸುಬಿ ಎಣ್ಣಿ

ಯರಗುಪ್ಪಿ ಬಾಜುವಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಎನ್‌ಸಿಸಿ ಹುಡುಗರ ಕವಾಯತಿಗೆಂದು ಹನ್ನೆರಡು ಬಂದೂಕುಗಳಿದ್ದವು. ಗುಂಡು ಹಾರುವಂಥವಲ್ಲ, ನಳಿಗೆಗೆ ತೂತು ಕೊರೆದ ಹಳೆಯವು. ಆದರೂ ಪ್ಯೂನ್ ಮಡಿವಾಳೆಪ್ಪ ಅವನ್ನು ಎತ್ತುಗಳ ಹಾಗೆ ಜ್ವಾಕಿ ಮಾಡುತ್ತಿದ್ದ. ಎಂಬತ್ತೈದರ ಬೇಸಿಗೆ ಸೂಟಿಯಲ್ಲಿ ಸರಕಾರಿ ಎಣ್ಣೆಯ ಡಬ್ಬಿ ತೀರಿತು. ಬಂದೂಕಿಗೆ ತುಕ್ಕು ಹಿಡಿಯಬಾರದೆಂದು ಮನೆಯ ಕುಸುಬಿ ಎಣ್ಣೆಯನ್ನೇ ತಂದು ದಿನ ಬಿಟ್ಟು ದಿನ ಹಚ್ಚಿದ.

ಜೂನಿನಲ್ಲಿ ಸಾಲಿ ತೆರೆದಾಗ ಒಂದರ ಬೋಲ್ಟು, ಗುಂಡು ತುಂಬಲು ಹಿಂದಕ್ಕೆಳೆಯುವ ಹಿಡಿ, ಎಳೆದು ನೋಡಿದ. ಬರಲಿಲ್ಲ. ಎಣ್ಣೆ ಅರಗಿನಂತೆ ಗಟ್ಟಿಯಾಗಿ ಹಿಡಿದಿತ್ತು. ಹನ್ನೆರಡೂ ಹಾಗೇ. ಇನ್ನು ಮೂರು ದಿನಕ್ಕೆ ಧಾರವಾಡದಿಂದ ಎನ್‌ಸಿಸಿಯ ಸುಭೇದಾರರು ತಪಾಸಣೆಗೆ ಬರುವವರಿದ್ದರು. ಬಂದೂಕು ಕೆಟ್ಟಿವೆ ಎಂದು ಅವರು ಬರೆದರೆ, ಆರು ವರ್ಷದಿಂದ ಹಂಗಾಮಿಯಾಗಿಯೇ ಉಳಿದಿದ್ದ ಅವನ ನೌಕರಿ ಅಲ್ಲಿಗೆ ಮುಗಿದಂತೆ.

ಸೈಕಲ್ ಅಂಗಡಿಯ ಮಾಬುಸಾಬನನ್ನು ಕರೆತಂದ. ಮಾಬುಸಾಬ ಮೂಸಿ ನೋಡಿದ.

"ಬಂದೂಕಿಗೆ ಒಗ್ಗರಣಿ ಕೊಟ್ಟೀಯೇನಲೇ?"

ಮಡಿವಾಳೆಪ್ಪನಿಗೆ ನಗು ಬರಲಿಲ್ಲ. ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯಲ್ಲಿ ನೆನೆ ಹಾಕಿದರೆ ಬಿಡುತ್ತದೆ ಎಂದ ಮಾಬುಸಾಬ. ಅದು ಸಿಗುವುದು ರೇಷನ್ ಕಾರ್ಡಿನ ಮೇಲೆ, ತಿಂಗಳಿಗೊಮ್ಮೆ. ಮಡಿವಾಳೆಪ್ಪನ ಮನೆಯದು ಆಗಲೇ ತಳ ಕಂಡಿತ್ತು. ಮಾಬುಸಾಬ ಮನೆಗೆ ಹೋಗಿ ತನ್ನ ಪಾಲಿನ ಡಬ್ಬಿಯನ್ನೇ ಸೈಕಲ್ಲಿಗೆ ಕಟ್ಟಿಕೊಂಡು ಬಂದ. ತಿಂಗಳು ಮುಗಿಯುವತನಕ ಹೊತ್ತು ಮುಳುಗುವುದರೊಳಗ ಉಂಡರಾಯಿತು ಅಂದಳಂತೆ ಅವನ ಹೆಂಡತಿ. ಎರಡು ದಿನ ಇಬ್ಬರೂ ಬೋಲ್ಟು ನೆನೆಸಿ, ಬಿಚ್ಚಿ, ಹಳೆ ಧೋತರದ ಚೂರಿನಿಂದ ತಿಕ್ಕಿದರು.

ಸುಭೇದಾರರು ಒಂದೊಂದನ್ನೇ ಎತ್ತಿ ಎಳೆದರು. ಹನ್ನೊಂದು ಸರಾಗವಾಗಿ ಬಂದವು. ಹನ್ನೆರಡನೆಯದು ತುಸು ತಡೆಯಿತು. ಅವರು ಕೇಳುವ ಮೊದಲೇ ಮಡಿವಾಳೆಪ್ಪ ಕುಸುಬಿ ಎಣ್ಣೆಯಿಂದ ಹಿಡಿದು ಮಾಬುಸಾಬನ ಡಬ್ಬಿಯತನಕ ಎಲ್ಲ ಹೇಳಿಬಿಟ್ಟ. ಅವರು ಆ ಬಂದೂಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ತುಕ್ಕು ಅನ್ನೂದು ಒಂದ ಚೂರೂ ಇಲ್ಲಪಾ," ಎಂದು ಸಹಿ ಹಾಕಿದರು. ಎಣ್ಣೆ ತೀರಿದರೆ ಪತ್ರ ಬರೆಯಬೇಕು, ಅಡುಗೆಮನೆಗೆ ಹೋಗಬಾರದು ಎಂದೂ ಹೇಳಿದರು.

ಮಡಿವಾಳೆಪ್ಪ ನೆಟ್ಟಗೆ ಸೈಕಲ್ ಅಂಗಡಿಗೆ ಬಂದ. ಮಾಬುಸಾಬ ಪಂಕ್ಚರ್ ಹುಡುಕುತ್ತಿದ್ದ. ಇವನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಟ್ಯೂಬಿನ ಇನ್ನೊಂದು ಬದಿ ಹಿಡಿದು ನೀರಿನಲ್ಲಿ ಅದ್ದಿದ.

"ಪಾಸಾತೇನು?"

"ಆತು. ನಿನ್ನಿಂದ ಆತೋ, ಮಾಬು."

ಮಾಬುಸಾಬ ಟ್ಯೂಬನ್ನು ನೀರಿನೊಳಗೆ ತುಸು ತಿರುಗಿಸಿದ.

"ಗಟ್ಟಿ ಹಿಡಿ. ಗುಳ್ಳಿ ಬರಾಕತ್ತಾವು."