ಬದುವಿನ ಗಂಡಿ

೧೯೭೮ನೇ ಇಸವಿ ಆಗಸ್ಟ್ ೧೯, ಶನಿವಾರ, ಬೆಳಿಗ್ಗೆ ಆರೂವರೆ ಗಂಟೆಗೆ ಮರಿಬಸಪ್ಪ ಸಿರುಗುಪ್ಪದ ತನ್ನ ಅಣ್ಣನ ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡು ಕೈತುಂಬ ಕರಿಮಣ್ಣು ಬಾಚಿ, ನೀರು ಹೊರಗೆ ಹರಿಯುತ್ತಿದ್ದ ಗಂಡಿಯನ್ನು ಮುಚ್ಚಿದ. ಒಂದು ಮೊಳ ಅಗಲದ ಬಾಯಿ ಅದು. ಅದರೊಳಗಿಂದ ನೀರು ಗುಳುಗುಳು ಅನ್ನುತ್ತ ಆಚೆ ಬೀಳುವ ಸದ್ದು ಕೇಳಿದಾಗಲೆಲ್ಲ ಅವನಿಗೆ ಯಾರೋ ತನ್ನ ಜೇಬಿಗೆ ಕೈಹಾಕಿದಂತೆ ಆಗುತ್ತಿತ್ತು. ಮಣ್ಣನ್ನು ಅಂಗೈಯಿಂದ ತಟ್ಟಿ ನುಣುಪು ಮಾಡಿದ. ಸದ್ದು ನಿಂತಿತು. 'ಪುಲಾ' ಅಂದುಕೊಂಡ.

ಪುಲಾ ಅಂದರೆ ಮಳೆ. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಮಳೆಗೂ ಅದೇ ಹೆಸರು, ರೊಕ್ಕಕ್ಕೂ ಅದೇ ಹೆಸರು, ಸಂತೋಷವಾದಾಗ ಜನ ಕೂಗುವುದೂ ಅದನ್ನೇ. ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿ ಸಂಯುಕ್ತ ರಾಷ್ಟ್ರಸಂಘದ ಸ್ವಯಂಸೇವಕನಾಗಿ ಅಲ್ಲಿಗೆ ಹೋಗಿದ್ದ ಮರಿಬಸಪ್ಪ, ಮರಳುಗಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಮೂರು ವರ್ಷ ಇದ್ದ. ಬೆಳಿಗ್ಗೆ ಶಾಲೆಯಲ್ಲಿ ವಿಜ್ಞಾನ ಹೇಳುವುದು, ಸಂಜೆ ಕೊಳವೆಬಾವಿಯ ಹತ್ತಿರ ನಿಂತು ನೀರು ಹಂಚುವುದು. ಮನೆಗೆ ಎರಡು ಬಕೆಟ್. ಬಾವಿ ಸೊರಗಿದ ತಿಂಗಳು ಒಂದೂವರೆ. ಆ ಅರ್ಧ ಬಕೆಟ್ಟಿಗೆ ಯಾರೂ ಜಗಳಾಡದ ಹಾಗೆ ಹಂಚುವುದನ್ನು ಅವನು ಅಲ್ಲಿಯೇ ಕಲಿತ.

ಊರಿಗೆ ಬಂದು ಎಂಟು ದಿನವಾಗಿತ್ತು. ಊರು ಅಂದರೂ ಅವನು ಬಿಟ್ಟುಹೋದ ಊರಲ್ಲ. ಅವನು ಹೋಗುವಾಗ ಮನೆ ಇದ್ದದ್ದು ಕುರುಗೋಡಿನಲ್ಲಿ. ಹೊಲದಲ್ಲಿ ಬೆಳೆಯುತ್ತಿದ್ದದ್ದು ಮಳೆ ನಂಬಿದ ಜೋಳ. ಅವನು ಅತ್ತ ಇದ್ದಾಗ ಅಣ್ಣ ಕೊಟ್ರಬಸಪ್ಪ ಆ ಹೊಲ ಮಾರಿ, ಸಿರುಗುಪ್ಪದಲ್ಲಿ ಕಾಲುವೆ ನೀರಿನ ಎರಡು ಎಕರೆ ಗದ್ದೆ ತೆಗೆದುಕೊಂಡು, ತಾಯಿ ಎರ್ರಮ್ಮನನ್ನು ಕರೆತಂದು ನೆಲೆಯೂರಿದ್ದ. ಹೀಗಾಗಿ ಮರಿಬಸಪ್ಪ ತನ್ನ ಮನೆಯ ಬಚ್ಚಲು ಯಾವ ಕಡೆ ಇದೆ ಎಂದು ತಾಯಿಯನ್ನು ಕೇಳಬೇಕಾಯಿತು.

ಬಚ್ಚಲು ತೋರಿಸಿದ ಮೇಲೂ ಎರ್ರಮ್ಮನಿಗೆ ಸಮಾಧಾನವಿರಲಿಲ್ಲ. ಮಗ ಒಳಗೆ ಹೋದಷ್ಟೇ ಬೇಗ ಹೊರಗೆ ಬರುತ್ತಿದ್ದ. ಹಂಡೆಯ ನೀರು ಹಂಡೆಯಲ್ಲೇ ಇರುತ್ತಿತ್ತು. ಅರ್ಧ ಬಕೆಟ್ಟಿನಲ್ಲಿ ಸ್ನಾನ, ಒಂದು ಲೋಟದಲ್ಲಿ ಮುಖ. ಉಳಿದ ಗುಟುಕನ್ನು ತುಳಸಿಗೆ ಹಾಕಿ ಬರುತ್ತಿದ್ದ. 'ಇವ ಮೈ ತೊಳಕೊಂತಾನೋ, ಒರಸ್ಕೊಂತಾನೋ' ಎಂದು ಆಕೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಬೀದಿಯ ನಳ ತೊಟ್ಟಿಕ್ಕಿದರೆ ಎದ್ದು ಹೋಗಿ ತಿರುವುತ್ತಿದ್ದ. ಅದು ನಿಲ್ಲದಿದ್ದರೆ ಚಿಂದಿ ಸುತ್ತುತ್ತಿದ್ದ. ಓಣಿಯವರು ಮೊದಲ ದಿನ ನಕ್ಕರು. ಮರುದಿನದಿಂದ ಅವನು ಬರುವುದು ಕಂಡರೆ ಕೊಡ ತುಂಬುವವರು ನಳವನ್ನು ಇನ್ನಷ್ಟು ಜೋರಾಗಿ ಬಿಡತೊಡಗಿದರು, ಬರೀ ಅವನ ಮುಖ ನೋಡಲಿಕ್ಕೆ.

ಅಣ್ಣ ಮಾತ್ರ ನಗಲಿಲ್ಲ. ಅವನ ಹೆಂಡತಿ ತವರೂರು ಕುರುಗೋಡಿನಲ್ಲಿ ಹೆತ್ತಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಶುಕ್ರವಾರ ಅಲ್ಲಿಗೆ ಹೊರಡುವಾಗ ಕೊಟ್ರಬಸಪ್ಪ ಸಲಿಕೆಯನ್ನು ತಮ್ಮನ ಕೈಗೆ ಕೊಟ್ಟು, ನಾಳೆ ನಾಡಿದ್ದು ನಮ್ಮ ತೂಬಿಗೆ ನೀರಿನ ಪಾಳಿ ಐತಿ, ಆಮೇಲೆ ಮತ್ತೆ ಮುಂದಿನ ಶನಿವಾರವೇ, ನೀರು ನೋಡ್ಕೋ ಅಂದ. ಇಷ್ಟೇ ಮಾತು. ಮೂರು ವರ್ಷದ ಮೇಲೆ ಮನೆಯವರು ಅವನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು. ಇದೊಂದನ್ನು ಸರಿಯಾಗಿ ಮಾಡಿದರೆ ತಾನು ಈ ಮನೆಯವನು, ನೆಂಟನಲ್ಲ ಎಂದು ಮರಿಬಸಪ್ಪ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಅದಕ್ಕೇ ಶನಿವಾರ ಗಂಡಿ ಮುಚ್ಚಿದ್ದು. ಮಧ್ಯಾಹ್ನದ ಹೊತ್ತಿಗೆ ಗದ್ದೆಯಲ್ಲಿ ನಾಲ್ಕು ಅಂಗುಲ ನೀರು ನಿಂತಿತು. ಸಾಕೆಂದು ಕಾಲುವೆಯ ತೂಬನ್ನೂ ಮುಚ್ಚಿ, ಉಳಿದ ಒಂದೂವರೆ ದಿನದ ನೀರನ್ನು ಕಾಲುವೆಗೇ ಬಿಟ್ಟುಕೊಟ್ಟ. ಇಷ್ಟು ನೀರು ಉಳಿಸಿದವರು ಈ ಸಿರುಗುಪ್ಪದಲ್ಲಿ ಯಾರೂ ಇರಲಿಕ್ಕಿಲ್ಲ ಎಂಬ ಹಿಗ್ಗಿನಲ್ಲಿ ಮನೆಗೆ ಬಂದು, ತಾಯಿ ಬಡಿಸಿದ ನಾಲ್ಕು ರೊಟ್ಟಿ ತಿಂದ.

ಮಂಗಳವಾರ ಮುಂಜಾನೆ ಸತ್ಯಮ್ಮ ಬಂದಳು. ಕೆಳಗಿನ ಒಂದು ಎಕರೆ ಗದ್ದೆ ಆಕೆಯದು. ಗಂಡ ತೀರಿದ ಮೇಲೆ ಒಬ್ಬಳೇ ಮಾಡಿಸುತ್ತಿದ್ದಳು. ನಾಟಿ ಮುಗಿಸಿ ಬಾದನಹಟ್ಟಿಯ ತಂಗಿಯ ಮನೆಗೆ ಹೋಗಿದ್ದವಳು ಹಿಂದಿನ ಸಂಜೆ ಬಂದಿದ್ದಳು. ಕಟ್ಟೆಯ ಮೇಲೆ ಕೂತು, ಎರ್ರಮ್ಮ ಕೊಟ್ಟ ಚಹಾ ಪೂರ್ತಿ ಕುಡಿದು, ಬಟ್ಟಲು ಕೆಳಗಿಟ್ಟಳು.

"ತಮ್ಮಾ, ಬದುವಿನ ಗಂಡಿ ಯಾರು ಮುಚ್ಚ್ಯಾರ?"

"ನಾನ ಮುಚ್ಚೀನ್ರಿ ಅಕ್ಕಾ. ನೀರು ಸುಮ್ನ ಪೋಲಾಗಾಕ ಹತ್ತಿತ್ತು."

"ಪೋಲಾಗಿ ಎಲ್ಲಿಗೆ ಹೋಗ್ತಿತ್ತು ಅಂತ ನೋಡಿದೇನು?"

ಅವನು ನೋಡಿರಲಿಲ್ಲ.

"ನನ್ನ ಗದ್ದಿಗೆ," ಅಂದಳು ಸತ್ಯಮ್ಮ. "ನನಗ ಬ್ಯಾರೆ ತೂಬಿಲ್ಲ. ನಿಮ್ಮದು ತುಂಬಿ ಹೊರಚೆಲ್ಲಿದ್ದ ನನಗ ನೀರು. ಆಫ್ರಿಕಾದಾಗ ನೀರು ಏಣಿ ಹತ್ತಿ ಬರತೈತೇನು?"

ಎರ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅದು ಗಾಬರಿಯೋ ನಗುವೋ ಅವನಿಗೆ ತಿಳಿಯಲಿಲ್ಲ.

ಗದ್ದೆಗೆ ಹೋಗಿ ನೋಡಿದರೆ ಕೆಳಗಿನ ನೆಲ ಬಿರುಕು ಬಿಟ್ಟಿತ್ತು. ಹದಿನೈದು ದಿನದ ಸಸಿಗಳ ತುದಿ ಸುರುಳಿ ಸುತ್ತಿಕೊಂಡಿತ್ತು. ಮೇಲಿನ ಗದ್ದೆಯಲ್ಲಿ ಮೂರು ಅಂಗುಲ ನೀರು ಕನ್ನಡಿಯ ಹಾಗೆ ನಿಂತಿತ್ತು. ಕಾಲುವೆಗೆ ಮತ್ತೆ ನೀರು ಬರುವುದು ಶನಿವಾರ. ಅಲ್ಲಿಯವರೆಗೆ ಸಸಿ ಉಳಿಯುವುದಿಲ್ಲ. ಗಂಡಿ ಬಿಚ್ಚಿದರೆ ಅಣ್ಣ ಒಪ್ಪಿಸಿ ಹೋದ ನೀರು ಇಳಿಯುತ್ತದೆ. ಸತ್ಯಮ್ಮ ಸ್ವಲ್ಪವೇ ಬಿಡು ಅಂದಳು. ಹಿಂದೆಯೇ ಬಂದಿದ್ದ ಎರ್ರಮ್ಮ ಅಣ್ಣ ಬರಲಿ ತಡಿ ಅಂದಳು. ಇಬ್ಬರೂ ಬದುವಿನ ಮೇಲೆ ನಿಂತು ಅವನನ್ನೇ ನೋಡಿದರು.

ಮರಿಬಸಪ್ಪನಿಗೆ ಬಕೆಟ್ಟುಗಳ ಸಾಲು ಕಣ್ಣ ಮುಂದೆ ಬಂತು. ಎರಡು ಎಕರೆ, ಮೂರು ಅಂಗುಲ. ಅದನ್ನು ಮೂರು ಎಕರೆಗೆ ಹರಡಿದರೆ ಎರಡು ಅಂಗುಲ. ಬಿರುಕುಗಳು ಮೊದಲು ತಮ್ಮ ಪಾಲು ಕುಡಿಯುತ್ತವೆ. ಅದನ್ನು ಕಳೆದರೂ ಒಂದೂವರೆಗೆ ಮೋಸವಿಲ್ಲ. ಕರಿಮಣ್ಣು ಬೇಗ ನೀರು ಬಿಟ್ಟುಕೊಡುವುದಿಲ್ಲ. ಶನಿವಾರದ ತನಕ ಎರಡು ಗದ್ದೆಯೂ ಹಸಿಯಾಗಿ ಇರುತ್ತವೆ. ಬಾವಿ ಸೊರಗಿದ ತಿಂಗಳ ಲೆಕ್ಕವೇ ಇದು. ಲುಂಗಿ ಮೇಲೆ ಕಟ್ಟಿ ಕೆಸರಿಗೆ ಇಳಿದು ಗಂಡಿ ಬಿಚ್ಚಿದ. ಮೊದಲಿದ್ದದ್ದಕ್ಕಿಂತ ಅಗಲ ಮಾಡಿ, ಮೇಲಿನ ಗದ್ದೆಯಲ್ಲಿ ಒಂದೂವರೆ ಅಂಗುಲ ಉಳಿದಾಗ ಹರಿವು ತಾನಾಗಿ ನಿಲ್ಲುವ ಹಾಗೆ ಬಾಯಿಗೆ ಒಂದು ಚಪ್ಪಟೆ ಕಲ್ಲು ಹಾಸಿದ.

ನೀರು ಗುಳುಗುಳು ಎಂದು ಇಳಿಯಿತು. ಬಿರುಕುಗಳು ಬುಸ್ಸೆಂದು ಗುಳ್ಳೆ ಬಿಟ್ಟವು. ಕೆಳಗಿನ ಮೂಲೆಗೆ ನೀರು ಮುಟ್ಟಲು ಸಂಜೆಯಾಯಿತು. ಅಲ್ಲಿಯವರೆಗೂ ಮೂವರೂ ಬದು ಬಿಟ್ಟು ಏಳಲಿಲ್ಲ. ಸತ್ಯಮ್ಮ ತಂದ ಬುತ್ತಿಯನ್ನು ಅಲ್ಲೇ ಹಂಚಿಕೊಂಡು ತಿಂದರು. ಬೋಟ್ಸ್ವಾನಾದಲ್ಲಿ ಮಳೆ ಬಂದರೆ ಜನ ಏನು ಕೂಗುತ್ತಾರೆ ಎಂದು ಸತ್ಯಮ್ಮ ಕೇಳಿ ತಿಳಿದುಕೊಂಡಳು. ಮರುದಿನದಿಂದ ಓಣಿಯಲ್ಲಿ ಅವನ ಹೆಸರು ಪುಲಾ ಮಾಸ್ತರ ಎಂದಾಯಿತು.

ಆ ಸಂಜೆ ಸೊಂಟದವರೆಗೆ ಕೆಸರಾಗಿ ಬಂದ ಮಗನನ್ನು ಎರ್ರಮ್ಮ ಬಚ್ಚಲಲ್ಲಿ ಕೂರಿಸಿ ತಾನೇ ಹಂಡೆಯ ನೀರು ಎರೆದಳು. ಅವನು ಸಾಕವ್ವಾ ಅಂದ. ಆಕೆ ಇನ್ನೊಂದು ತಂಬಿಗೆ ಸುರಿದಳು. ನೀರು ಎಲ್ಲಿಗೆ ಹೋಗುತ್ತದೆ ಎಂದು ಈ ಸಲ ಅವನು ನೋಡಿದ. ಬಚ್ಚಲಿನಿಂದ ಹಿತ್ತಲಿಗೆ, ಹಿತ್ತಲಲ್ಲಿ ಬಾಳೆಯ ಬುಡಕ್ಕೆ, ಅಲ್ಲಿಂದ ಗೋಡೆಯ ಕಿಂಡಿ ದಾಟಿ ಪಕ್ಕದ ಮನೆಯವರ ಬದನೆ ಗಿಡಕ್ಕೆ. ಆಮೇಲೆ ಸಾಕು ಅನ್ನಲಿಲ್ಲ. ಹಂಡೆ ಖಾಲಿಯಾಯಿತು.

ಕೊಟ್ರಬಸಪ್ಪ ಶುಕ್ರವಾರ ಬಂದ. ಚೀಲದಲ್ಲಿ ತೊಟ್ಟಿಲ ದಿನದ ಉಂಡೆ ಇದ್ದವು. ಅವನ್ನು ಇಳಿಸಿದವನೇ ಗದ್ದೆಗೆ ಹೋದ. ಮರಿಬಸಪ್ಪ ಹಿಂದೆಯೇ ಹೋಗಿ, ಮುಚ್ಚಿದ್ದು, ಬಿಚ್ಚಿದ್ದು, ಲೆಕ್ಕ ಹಾಕಿದ್ದು ಒಂದೂ ಬಿಡದೆ ಹೇಳಿದ. ಅಣ್ಣ ಚಪ್ಪಟೆ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದ. ಅದು ಅಲುಗಲಿಲ್ಲ. ಆಮೇಲೆ ನಗು ಬಂದು ನಿಲ್ಲಲಾರದೆ ಬದುವಿನ ಮೇಲೆಯೇ ಕೂತುಬಿಟ್ಟ.

"ಲೇ ಮರಿಯಾ, ನೀರು ನೋಡ್ಕೋ ಅಂದ್ರ ನೀ ಅದನ್ನ ಜೇಲಿಗೆ ಹಾಕಿದಿ," ಅಂದ. ನಗು ಇಳಿದ ಮೇಲೆ, ಗಂಡಿಯ ಸಂಗತಿ ಹೇಳದೆ ಹೋದದ್ದು ತನ್ನದೇ ತಪ್ಪು ಅಂದ. ಇಲ್ಲಿಯವರಿಗೆ ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಹೊಳೆಯಲೇ ಇಲ್ಲವಂತೆ. "ಆ ಕಲ್ಲು ಅಲ್ಲೇ ಇರಲಿ. ನಾಳಿಂದ ಎರಡೂ ಗದ್ದಿ ನೀರು ನಿಂದ. ಸಲಿಕಿ ನನಗ ವಾಪಸ್ ಕೊಡಬ್ಯಾಡ."

ಶನಿವಾರ ಬೆಳಿಗ್ಗೆ ತೂಬಿಗೆ ನೀರು ಬಂತು. ಸತ್ಯಮ್ಮ ಬದುವಿನ ಮೇಲೆ ನಿಂತಿದ್ದಳು. ಮೇಲಿನ ಗದ್ದೆ ತುಂಬಿ, ನೀರು ಕಲ್ಲಿನ ಮೇಲೆ ಹಾದು ಗುಳುಗುಳು ಎಂದು ಕೆಳಗೆ ಬಿದ್ದಾಗ ಆಕೆ ಊರಿಗೆಲ್ಲ ಕೇಳುವ ಹಾಗೆ 'ಪುಲಾ' ಎಂದು ಕೂಗಿದಳು. ಕಾಲುವೆಯ ಆಚೆ ಕಳೆ ಕೀಳುತ್ತಿದ್ದ ಹೆಂಗಸರು ಏನು ಎತ್ತ ಗೊತ್ತಿಲ್ಲದೆ ತಾವೂ ಕೂಗಿದರು. ಸಂಜೆ ನೀರು ಕೆಳಗಿನ ಮೂಲೆ ಮುಟ್ಟುವವರೆಗೆ ಕಾದು, ಮರಿಬಸಪ್ಪ ಸುರುಳಿ ಬಿಚ್ಚಿ ನೇರವಾಗಿದ್ದ ಸಸಿಗಳ ನಡುವೆ ಹೆಜ್ಜೆ ಹಾಕುತ್ತ ಹೋಗಿ, ಗುರುತು ಕೊರೆದ ಕಡ್ಡಿಯನ್ನು ನೆಲ ಮುಟ್ಟುವ ತನಕ ಇಳಿಸಿದ. ಸತ್ಯಮ್ಮನ ಗದ್ದೆಯಲ್ಲಿ ನಿಂತ ನೀರು ಎರಡೂಕಾಲು ಅಂಗುಲ.