ಹಲಗೆ ಬರೋವರೆಗೆ

ಏಣಿಯ ಮೆಟ್ಟಿಲು ಮುರಿದಿದೆಯೆಂದು ಮಹಂತೇಶ ಎರಡು ಸಲ ಹೇಳಿದ್ದ. ದೆಹಲಿ ಪಕ್ಕದ ಮಾನೇಸರ್‌ನ ಆ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕನ ಮಾತು ಯಾರು ಕೇಳುತ್ತಾರೆ? ಸೂಪರ್‌ವೈಜರ್ ಹತ್ತಿಸಿದ. ಕೆಟ್ಟ ಫ್ಯಾನಿಗೆ ಕೈ ತಾಗುವ ಮೊದಲೇ ಮಹಂತೇಶ ಹದಿನೈದು ಅಡಿ ಮೇಲಿಂದ ಬಿದ್ದ.

ಬೆನ್ನು ಬೆಂಕಿಯಾಗಿತ್ತು, ಆದರೂ ಕಾಲ್ಬೆರಳು ಆಡುತ್ತಿದ್ದವು. ಸೂಪರ್‌ವೈಜರ್ ಮೊದಲು ನೋಡಿದ್ದು ಗೇಟಿನ ಕಡೆಗೆ. ಒಳಗೆ ಬಿದ್ದನೆಂದಾದರೆ ಕಾರ್ಖಾನೆಯ ತಲೆಗೆ ಬರುತ್ತದೆ. ಹೊರಗೆ ಹಾಕಿ ಎಂದ. ಜೊತೆ ಕೆಲಸದ ಚರಣ್ ಮತ್ತು ಇನ್ನೂ ಮೂವರು ಕೈಕಾಲು ಹಿಡಿದು, ಮೂಟೆಯ ಹಾಗೆ ಜೋಲಾಡಿಸುತ್ತ ಹೊತ್ತರು. ಗೇಟು ದಾಟುವಷ್ಟರಲ್ಲಿ ಬೆರಳು ನಿಂತುಹೋಗಿದ್ದವು. ಕಾಗದದಲ್ಲಿ ರಸ್ತೆ ಅಪಘಾತವೆಂದು ಬರೆದರು.

ದೆಹಲಿಯ ಆಸ್ಪತ್ರೆಯೊಂದರ ಪುನರ್ವಸತಿ ವಾರ್ಡಿನಲ್ಲಿ ಐದು ತಿಂಗಳು. ಮೊದಮೊದಲು ಗೋಡೆಗೆ ಮುಖ ಮಾಡಿ ಮಲಗಿದ. ಆದರೆ ಅಲ್ಲಿ ಅಳುವವರಿಗಿಂತ ಗಲಾಟೆ ಮಾಡುವವರೇ ಹೆಚ್ಚು. ವ್ಹೀಲ್‌ಚೇರ್ ಪಂದ್ಯದಲ್ಲಿ ಮಹಂತೇಶ ನರ್ಸಮ್ಮನ ಟ್ರೇ ಉರುಳಿಸಿ ಬೈಸಿಕೊಂಡ. ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ತೋಳಿನ ಬಲದಲ್ಲಿ ಮಂಚದಿಂದ ಕುರ್ಚಿಗೆ ದಾಟುವುದು ಕಲಿತ. ಫಿಸಿಯೋಥೆರಪಿಸ್ಟ್ ಹರಿಣಿ ದೆಹಲಿಯಲ್ಲೇ ಬೆಳೆದ ಕನ್ನಡತಿ. ಬೆನ್ನುಹುರಿಯ ಸಂಗತಿಯನ್ನು ಅರ್ಧ ಹಿಂದಿಯಲ್ಲಿ ಬಿಡಿಸಿ ಹೇಳಿದಳು: ಮೂಳೆ ಮುರಿದರೂ ಹುರಿ ಉಳಿದಿರಬಹುದು, ಬಾಗಿಸಿ ಎತ್ತಿದರೆ ಆ ಮೂಳೆಯೇ ಹುರಿಯನ್ನು ಜಜ್ಜಬಹುದು, ಹಲಗೆಯ ಮೇಲೆ ನೇರವಾಗಿ ಮಲಗಿಸಿಯೇ ಒಯ್ಯಬೇಕು.

ಅವತ್ತು ಮಹಂತೇಶನಿಗೆ ಊಟ ಸೇರಲಿಲ್ಲ. ಮರುದಿನ, ತಾನೂ ಇದನ್ನು ಕಲಿಸಬಹುದೇ ಎಂದು ಕೇಳಿದ.

"ಅಚ್ಛಾ, ಯಾರಿಗೆ?"

"ನನ್ನ ಹೊತ್ತವರಿಗೆ, ಮೇಡಮ್."

2005ರ ಡಿಸೆಂಬರಿನ ಒಂದು ಮಧ್ಯಾಹ್ನ, ಪಾಳಿ ಬಿಡುವ ಹೊತ್ತಿಗೆ, ಅವನು ಕಾರ್ಖಾನೆಯ ಎದುರಿನ ಚಹಾ ಅಂಗಡಿಯ ಮುಂದಿದ್ದ. ಚರಣ್ ತಲೆ ತಗ್ಗಿಸಿಕೊಂಡು ಜಾರಿಕೊಳ್ಳಲು ನೋಡಿದ.

"ಬಾರೋ. ಅವತ್ತು ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಕಲಿ."

ಮಹಂತೇಶ ಕುರ್ಚಿಯಿಂದಿಳಿದು ನೆಲದ ಮೇಲೆ ಅಂಗಾತ ಮಲಗಿದ. ತಲೆ ಹಿಡಿಯುವವನೊಬ್ಬ, ಪಕ್ಕಕ್ಕೆ ಮೂವರು, ಕೆಳಗೆ ಅಂಗಡಿಯ ಹಲಗೆ. ಮೊದಲ ಸಲ ಹಲಗೆ ವಾಲಿತು. ಇರೋದೊಂದು ಬೆನ್ನು, ಅದನ್ನಾದರೂ ಉಳಿಸಿ ಎಂದು ಅವನೇ ನಕ್ಕ. ಸೇರಿದ್ದವರೆಲ್ಲ ನಕ್ಕರು. ಆಮೇಲೆ ಪ್ರತಿ ಶನಿವಾರ ಬಂದ.

ಫೆಬ್ರವರಿಯಲ್ಲಿ ಹನುಮಂತನೆಂಬ ವೆಲ್ಡರ್ ಕಾರ್ಖಾನೆಯೊಳಗೆ ಮೇಲಿಂದ ಬಿದ್ದ. ಸೂಪರ್‌ವೈಜರ್ ಮತ್ತೆ ಗೇಟು ತೋರಿಸಿದ. ಚರಣ್ ಮಂಡಿಯೂರಿ ಹನುಮಂತನ ತಲೆಯನ್ನು ಅಲುಗದಂತೆ ಹಿಡಿದುಕೊಂಡ. ಸುತ್ತ ಐವತ್ತು ಜನ ನಿಂತರು.

"ಹಲಗೆ ಬರೋವರೆಗೆ ಯಾರೂ ಮುಟ್ಟಲ್ಲ, ಸಾಬ್," ಎಂದ ಚರಣ್.

ಹಲಗೆ ಬಂತು. ಆಂಬುಲೆನ್ಸೂ ಒಳಗೇ ಬಂತು. ಏಪ್ರಿಲಿನಲ್ಲಿ ಹನುಮಂತ ಕೋಲೂರಿಕೊಂಡು ನಡೆದು ಬಂದು ಚಹಾ ಕುಡಿದ. ಅವನ ನಡಿಗೆಯನ್ನು ಮಹಂತೇಶ ಕಣ್ತುಂಬ ನೋಡಿದ.

ಮರುವಾರ ಮಹಂತೇಶನನ್ನು ಹೊತ್ತಿದ್ದ ನಾಲ್ವರೂ ಅವನೊಂದಿಗೆ ಗುಡಗಾಂವಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ಅವನು ಬಿದ್ದದ್ದು ಕಾರ್ಖಾನೆಯ ಒಳಗೇ ಎಂದು ನಿಜ ಹೇಳಿದರು. ಇದನ್ನು ಬರೆದುಕೊಟ್ಟರೆ ನಾಳೆ ನಿಮ್ಮ ಕೆಲಸ ಇರುವುದಿಲ್ಲ ಎಂದ ಅಧಿಕಾರಿ.

"ಹೊತ್ತವರು ನಾಲ್ಕೇ ಜನ, ಸಾಹೇಬ್ರೇ. ನೋಡಿದವರೆಲ್ಲ ಕೆಳಗಿದ್ದಾರೆ," ಎಂದ ಚರಣ್.

ಅಧಿಕಾರಿ ಕಿಟಕಿಯಿಂದ ಬಗ್ಗಿ ನೋಡಿದ. ಅಂಗಳದ ತುಂಬ ಜನ. ಒಂದು ಪಾಳಿಗೆ ಪಾಳಿಯೇ ಬಂದಿತ್ತು.