ಕಿಡಿ ಸುಟ್ಟ ಗಾಯವಲ್ಲ

ವೆಲ್ಡರನ ಮೈಮೇಲೆ ಸುಟ್ಟ ಕಲೆಗಳಿಗೆ ಬರವಿರಲಿಲ್ಲ. ಕಿಡಿ ಹಾರುತ್ತದೆ, ಚುರ್ ಎನ್ನುತ್ತದೆ, ವಾರದಲ್ಲಿ ಮಾಯುತ್ತದೆ. ಎಡಗಣ್ಣಿನ ಪಕ್ಕದ ಕಣತಲೆಯ ಮೇಲೆ ಎದ್ದ ಕೆಂಪು ಕಲೆಯನ್ನೂ ಅವನು ಅದೇ ಲೆಕ್ಕಕ್ಕೆ ಸೇರಿಸಿದ್ದ. ಆದರೆ ಇದು ಮಾಯುವ ಜಾತಿಯದಲ್ಲ. ಹಕ್ಕಳೆ ಕಟ್ಟುವುದು, ಮುಖ ಒರೆಸಿದಾಗ ಕಿತ್ತು ರಕ್ತ ಜಿನುಗುವುದು, ಮತ್ತೆ ಹಕ್ಕಳೆ. ಮಳೆಗಾಲ ಕಳೆದು ಬೇಸಿಗೆ ಬಂದರೂ ಅಲ್ಲೇ ಇತ್ತು, ಇನ್ನಷ್ಟು ಅಗಲವಾಗಿ.

ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿದ್ದ ನಾದಿನಿ ರಜೆಗೆ ಬಂದವಳು ಊಟಕ್ಕೆ ಕೂತಾಗ ಅದನ್ನೇ ದಿಟ್ಟಿಸಿದಳು.

“ಭಾವ, ಇದೇನಿದು?”

“ಕಿಡಿ ಬಿದ್ದಿದ್ದು.”

“ಯಾವಾಗ?”

ಅವನು ಹೆಂಡತಿಯ ಮುಖ ನೋಡಿದ.

“ಅವರನ್ನೇನು ಕೇಳ್ತೀಯ,” ಎಂದಳು ಹೆಂಡತಿ. “ಗ್ರೀಸ್ ಹಚ್ಕೊಂಡು ಓಡಾಡ್ತಾರೆ, ಇವರೇನು ಗೇಟಿನ ಕೀಲಾ?”

“ಕೆಲಸ ಮಾಡೋವಾಗ ಮುಖಕ್ಕೆ ಶೀಲ್ಡ್ ಹಿಡೀತೀರ ತಾನೆ?”

“ಹಿಡೀತೀನಿ. ಆದ್ರೆ ಒಂದು ಚುಕ್ಕಿ ಬೆಸುಗೆಗೆಲ್ಲ ಯಾರು ಹಿಡೀತಾರೆ? ಕಣ್ಣು ಮುಚ್ಚಿ ಮುಖ ಬಲಕ್ಕೆ ತಿರುಗಿಸಿಬಿಡ್ತೀನಿ.”

“ಅಂದ್ರೆ ಕಣ್ಣು ಉಳಿಸ್ಕೊಂಡು ಎಡಗಡೆ ಚರ್ಮನ ಬೆಳಕಿಗೆ ಒಪ್ಪಿಸಿದ್ದೀರಿ. ನಡೀರಿ, ಡಾಕ್ಟ್ರಿಗೆ ತೋರಿಸೋಣ.”

ಡಾಕ್ಟರು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದು ಬಂತು. ವೆಲ್ಡರನಿಗೆ ಮುಖ ಕುಯ್ದುಬಿಟ್ಟರೆ ಎಂಬ ಭಯ.

“ಮೇಲ್ಪದರದಲ್ಲೇ ಇದೆ,” ಎಂದರು ಡಾಕ್ಟರು. “ಆಪರೇಷನ್ ಒಂದು ದಾರಿ. ನಿಮಗೆ ಬೆಳಕಿನ ಚಿಕಿತ್ಸೆಯೂ ಆಗುತ್ತೆ. ಮನೆಯವರ ಜೊತೆ ಮಾತಾಡಿ ಹೇಳಿ.”

ಮನೆಗೆ ಬಂದವನೇ ನಾದಿನಿಯ ಮೇಲೆ ಹರಿಹಾಯ್ದ. “ಬೆಳಕಿಂದ ಕೆಟ್ಟಿರಬಹುದು ಅಂತೀರಿ, ಮತ್ತೆ ಬೆಳಕೇ ಬಿಡ್ತೀವಿ ಅಂತೀರಿ. ಬೆಳಕಿನ ವಿಷಯ ನನಗೆ ಹೇಳ್ಬೇಡ.”

“ಹೇಳಲ್ಲ ಬಿಡಿ, ಕೇಳ್ತೀನಿ. ಕರೆಂಟ್ ಇಲ್ದೆ ಬರೀ ರಾಡ್ ಇಟ್ರೆ ಬೆಸುಗೆ ಕೂರುತ್ತಾ?”

“ಎಲ್ಲಿಂದ ಕೂರುತ್ತೆ?”

“ಇದೂ ಹಾಗೇ. ಮೊದಲು ಒಂದು ಮುಲಾಮು ಹಚ್ತಾರೆ. ರೋಗದ ಕಣಗಳು ಅದನ್ನ ಹೆಚ್ಚು ಹೀರ್ಕೊಳ್ತವೆ. ಕೆಲವು ಗಂಟೆ ಮುಚ್ಚಿಟ್ಟು, ಆಮೇಲೆ ಕೆಂಪು ಬೆಳಕು ಬಿಡ್ತಾರೆ. ಬೆಳಕು ಬಿದ್ದಾಗ ಮದ್ದು ಕೆಲಸ ಶುರು ಮಾಡಿ ಆ ಕಣಗಳನ್ನ ಕೊಲ್ಲುತ್ತೆ. ಬಿಸಿಲಲ್ಲಿ, ವೆಲ್ಡಿಂಗ್ ಬೆಳಕಲ್ಲಿ ಇರೋ ಚರ್ಮ ಕೆಡಿಸೋ ಕಿರಣ ಇದರಲ್ಲಿಲ್ಲ.”

“ನೋವು?”

“ಉರಿಯುತ್ತೆ, ಸೂಜಿ ಚುಚ್ಚಿದ ಹಾಗಾಗುತ್ತೆ. ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಎರಡು ದಿನ ಆ ಜಾಗಕ್ಕೆ ಬಿಸಿಲು ತಾಗಬಾರದು. ವರ್ಕ್‌ಶಾಪ್ ಬಂದ್.”

“ಎಲ್ಲರಿಗೂ ಇದನ್ನೇ ಮಾಡ್ತಾರಾ?” ಹೆಂಡತಿ ಕೇಳಿದಳು.

“ಇಲ್ಲ ಅಕ್ಕ. ಆಳಕ್ಕೆ ಇಳಿದಿದ್ರೆ ಸಾಲಲ್ಲ, ಕತ್ತರಿಸಬೇಕಾಗುತ್ತೆ. ಕೆಲವು ಜಾತಿ ಚರ್ಮದ ಕ್ಯಾನ್ಸರಿಗೆ ಇದು ಆಗೋದೇ ಇಲ್ಲ.”

ವೆಲ್ಡರ್ ತನ್ನ ಕಬ್ಬಿಣದ ಲೆಕ್ಕ ಹಾಕಿದ. ಮೇಲೆ ಹಿಡಿದ ತುಕ್ಕಾದರೆ ಉಜ್ಜಿ ತೆಗೆಯಬಹುದು. ತಗಡನ್ನೇ ತಿಂದಮೇಲೆ ಕತ್ತರಿಸಿ ತೇಪೆ ಹಾಕಬೇಕು. “ತಡಮಾಡಿ ತಂದ್ರಿ ಅಂತ ಗಿರಾಕಿಗಳಿಗೆ ದಿನಾ ಬೈಯೋನು ನಾನೇ,” ಎಂದ. “ಡಾಕ್ಟ್ರಿಗೆ ಹೂಂ ಅಂದುಬಿಡು.”

ಚಿಕಿತ್ಸೆಯ ದಿನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿದರು. “ಮುಖ ತಿರುಗಿಸೋ ಹಾಗಿಲ್ಲ ಭಾವ,” ಎಂದಳು ನಾದಿನಿ. ಉರಿಯಿತು, ಹಲ್ಲುಕಚ್ಚಿ ಸಹಿಸಿದ. ಕೆಲವು ವಾರ ಬಿಟ್ಟು ಇನ್ನೊಂದು ಸಲ. ತಿಂಗಳುಗಳ ಮೇಲೆ ಅಲ್ಲಿ ನಯವಾದ ಎಳೆಚರ್ಮ ಬಂದಿತ್ತು. “ಈಗ ರೋಗ ಕಾಣ್ತಿಲ್ಲ. ಆದ್ರೆ ಮರುಕಳಿಸಬಹುದು, ಹೇಳಿದಾಗೆಲ್ಲ ಬಂದು ತೋರಿಸಿ,” ಎಂದರು ಡಾಕ್ಟರು.

ಮೊನ್ನೆ ಗಾರೆ ಕೆಲಸದವನೊಬ್ಬ ಮುರಿದ ಕಬ್ಬಿಣದ ಏಣಿ ತಂದ. ಕಿವಿಯ ಅಂಚಿನಲ್ಲಿ ಹುಣ್ಣು. “ಸಿಮೆಂಟ್ ತಾಗಿದ್ದು, ಬೇಸಿಗೆಯಿಂದ ಹಿಂಗೇ ಇದೆ,” ಎಂದ.

ವೆಲ್ಡರ್ ಏಣಿಯನ್ನು ಒಳಗೆಳೆದುಕೊಂಡ. “ಇದು ಇಲ್ಲೇ ಇರ್ಲಿ. ಡಾಕ್ಟ್ರಿಗೆ ತೋರಿಸಿ ಬಾ, ಆಮೇಲೆ ಕೊಡ್ತೀನಿ.”

ಓದುವವರೇ, ಇವತ್ತೇ ಮನೆಮಂದಿಯ ಮುಖ, ಕಿವಿ, ಕತ್ತು, ಕೈ ನೋಡಿ. ತಿಂಗಳಾದರೂ ಮಾಯದ ಹುಣ್ಣು, ಬಣ್ಣವೋ ಆಕಾರವೋ ಬದಲಾಗುತ್ತಿರುವ ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಿ. ಬೆಳಕಿನ ಚಿಕಿತ್ಸೆಯೋ ಬೇರೆಯದೋ, ಅದನ್ನು ಅವರ ಜೊತೆ ಕೂತು ತೀರ್ಮಾನಿಸಿ. ಬೇಗ ಹೋದವರ ಮುಂದೆ ದಾರಿಗಳು ಹೆಚ್ಚು.